ಗೋವಾವೇಸ್, ಕಾಕತಿವೇಸ್ ಮತ್ತು ಮೂರು ಗೇಟುಗಳು: ಬೆಳಗಾವಿಯ ಹಾದಿಗಳು

ಬೆಳಗಾವಿಯ ರೈಲು ನಿಲ್ದಾಣದಲ್ಲಿ ಮುಂಜಾನೆಯ ಗಾಡಿಯಿಂದಿಳಿದು, ಕೈಚೀಲವನ್ನು ಹೆಗಲಿಗೇರಿಸಿಕೊಂಡು ಹೊರಗೆ ಬಂದ ಪ್ರಯಾಣಿಕನು ಟಿಳಕವಾಡಿಗೆ ಹೋಗಬೇಕೆಂದು ರಿಕ್ಷಾದವನಿಗೆ ಹೇಳಿದನೆಂದರೆ, ಬಾಡಿಗೆಯ ಮಾತಿಗೂ ಮೊದಲು ಅವನ ಕಿವಿಗೆ ಬೀಳುವ ಪ್ರಶ್ನೆ ಒಂದೇ: ‘ಯಾವ ಗೇಟ್ ರೀ ಸರ? ಫಸ್ಟೋ, ಸೆಕೆಂಡೋ, ಥರ್ಡೋ?’ ಉತ್ತರ ತಿಳಿಯದ ಪರಸ್ಥಳದವನು ತಬ್ಬಿಬ್ಬಾಗುವುದು ಸಹಜ. ಏಕೆಂದರೆ ಈ ಬಡಾವಣೆಯಲ್ಲಿ ಸೋಮವಾರ ಪೇಟೆ, ಮಂಗಳವಾರ ಪೇಟೆ, ಶುಕ್ರವಾರ ಪೇಟೆಗಳೆಂದು ವಾರದ ದಿನಗಳ ಹೆಸರನ್ನು ಹೊತ್ತ ಪೇಟೆಗಳಿದ್ದರೂ, ಅವುಗಳಲ್ಲಿ ವಾಸಿಸುವವರು ಕೂಡ ತಮ್ಮ ಮನೆಯ ಗುರುತನ್ನು ಹೇಳುವುದು ಪೇಟೆಯಿಂದಲ್ಲ, ಕಾಂಗ್ರೆಸ್ ರಸ್ತೆಯ ಮಗ್ಗುಲಲ್ಲಿ ಹಾದುಹೋಗಿರುವ ರೈಲುಹಳಿಯ ಮೂರು ಗೇಟುಗಳಿಂದ. ಗಂಟೆ ಬಾರಿಸಿ ಅಡ್ಡಗಂಬವು ಇಳಿಯಿತೆಂದರೆ, ಕಾಲೇಜಿಗೆ ಹೊರಟ ಹುಡುಗಿಯರ ಸ್ಕೂಟಿಗಳೂ, ಉದ್ಯಮಬಾಗದ ಕಾರ್ಖಾನೆಗಳ ಪಾಳಿಗೆ ಹೊರಟವರ ಸೈಕಲ್ಲುಗಳೂ, ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡ ಮೋಟಾರ್‌ಸೈಕಲ್ಲುಗಳೂ ಒಂದರ ಹಿಂದೊಂದು ಬಂದು ನಿಂತು, ಒಬ್ಬರಿಗೊಬ್ಬರು ಪರಿಚಯವಿಲ್ಲದವರೂ ‘ಯಾವ ಗಾಡಿ ಬಂತ್ರೀ?’ ಎಂದು ಮಾತಿಗಾರಂಭಿಸುವರು. ಮೂರನೆಯ ಗೇಟಿನಲ್ಲಿ ಈಗ ಮೇಲ್ಸೇತುವೆಯಾಗಿದೆ. ಹೆಸರು ಮಾತ್ರ ಗೇಟೆಂದೇ ಉಳಿದಿದೆ.

ಒಂದು ಊರು ತನ್ನ ಓಣಿಗಳಿಗಿಡುವ ಹೆಸರುಗಳಲ್ಲಿ ದೇವರು, ಜಾತಿ, ಕಸಬು ಇವೇ ಸಾಮಾನ್ಯವಾಗಿ ಕಾಣುತ್ತವೆಯಾದರೂ, ಬೆಳಗಾವಿಯಲ್ಲಿ ಎದ್ದು ಕಾಣುವುದು ಹೋಗುವ ದಿಕ್ಕು. ಗೋವಾವೇಸ್ ಎಂದರೆ ಗೋವೆಯ ಕಡೆಯ ಅಗಸಿ. ಕಾಕತಿವೇಸ್ ಎಂದರೆ ಕಾಕತಿಯ ಕಡೆಯದು. ವೇಸ್ ಎಂಬ ಮರಾಠಿ ಶಬ್ದಕ್ಕೂ ನಮ್ಮ ಅಗಸಿಗೂ ಅರ್ಥದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಖಾನಾಪುರ ರಸ್ತೆ, ಧಾರವಾಡ ರಸ್ತೆ, ವೆಂಗುರ್ಲಾ ರಸ್ತೆ, ರಾಮಘಾಟ ರಸ್ತೆ, ಪುಣೆ–ಬೆಂಗಳೂರು ಎಂಬುದನ್ನು ಎರಡಕ್ಷರಕ್ಕಿಳಿಸಿದ ‘ಹಳೆ ಪಿ.ಬಿ. ರೋಡ್’ ಇವೆಲ್ಲ ಪ್ರಯಾಣಿಕನಿಗೆ ದಾರಿ ತೋರುವುದಕ್ಕಾಗಿಯೇ ಹುಟ್ಟಿದ ಹೆಸರುಗಳು. ಆದುದರಿಂದ ಬೆಳಗಾವಿಯ ಸಾರಿಗೆಯ ಮಾಹಿತಿಯನ್ನು ಅದರ ಇತಿಹಾಸದಿಂದ ಬೇರ್ಪಡಿಸಿ ಹೇಳಹೊರಟರೆ ಎರಡೂ ಅರ್ಧವಾಗುತ್ತವೆ. ಘಟ್ಟದ ಮೇಲಿನ ಬಯಲುಸೀಮೆಯೂ ಘಟ್ಟದ ಕೆಳಗಿನ ಕೊಂಕಣವೂ ಕೈಜೋಡಿಸುವ ಸ್ಥಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ ಈ ನಗರವು ಕುಳಿತಿದೆ. ಅದನ್ನು ಬಯಸಿದ ಅರಸರೆಲ್ಲರೂ ಊರಿಗಾಗಿ ಬಯಸಿದುದಕ್ಕಿಂತ ಅದರ ಹಾದಿಗಳಿಗಾಗಿ ಬಯಸಿದುದೇ ಹೆಚ್ಚೆಂದು ನನ್ನ ಅಭಿಪ್ರಾಯ.

ವೇಣುಗ್ರಾಮವೆಂಬ ಹಳೆಯ ಹೆಸರಿನ ಈ ಊರಿಗೆ ಸವದತ್ತಿಯ ರಟ್ಟರು 13ನೆಯ ಶತಮಾನದ ಆರಂಭದಲ್ಲಿ ತಮ್ಮ ರಾಜಧಾನಿಯನ್ನು ತಂದರು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯು ಇಂದಿಗೂ ಕೋಟೆಯೊಳಗಿದ್ದು, ಅದರ ಮಂಟಪದ ಮಾಳಿಗೆಯಿಂದ ತಲೆಕೆಳಗಾಗಿ ಅರಳಿದ ಕಲ್ಲಿನ ಕಮಲವನ್ನು ನೋಡದೆ ಕೇಂದ್ರ ಬಸ್‌ ನಿಲ್ದಾಣದಿಂದ ಬಸ್ಸು ಹತ್ತುವವರನ್ನು ಕಂಡರೆ ನನಗೆ ಕನಿಕರವೆನಿಸುತ್ತದೆ. ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು, ಎರಡು ಬಸ್ಸುಗಳ ನಡುವಣ ಅವಧಿ ಅದಕ್ಕೆ ಧಾರಾಳ ಸಾಕು. ಮುಂದೆ ವಿಜಯನಗರದ ಅಧೀನದಲ್ಲಿದ್ದ ಈ ಕೋಟೆಯ ಮೇಲೆ ಬಹಮನಿ ಸುಲ್ತಾನನ ಮಂತ್ರಿ ಮಹಮೂದ ಗವಾನನ ಸೈನ್ಯವು 1473ರ ಸುಮಾರಿಗೆ ಬಿದ್ದುದಕ್ಕೆ ಕಾರಣವನ್ನು ಹುಡುಕಿದರೆ ನಾವು ಗೋವೆಗೆ ಹೋಗಬೇಕಾಗುತ್ತದೆ. ಅರಬ್ಬೀ ಕುದುರೆಗಳು ಹಡಗಿನಿಂದಿಳಿಯುತ್ತಿದ್ದ ಗೋವೆಯ ಬಂದರನ್ನು ಗವಾನನು ಅದಕ್ಕೆ ಸ್ವಲ್ಪ ಮೊದಲು ಗೆದ್ದುಕೊಂಡಿದ್ದನು. ಅದನ್ನು ಮರಳಿ ಪಡೆಯಲು ವಿಜಯನಗರದ ಪರವಾಗಿ ಯತ್ನಿಸಿದವನು ಬೆಳಗಾವಿಯ ನಾಯಕನು. ಬಂದರು ಒಬ್ಬನ ಕೈಯಲ್ಲಿದ್ದು ಘಟ್ಟದ ತಲೆಯ ಕೋಟೆ ಇನ್ನೊಬ್ಬನ ಕೈಯಲ್ಲಿದ್ದರೆ ಕುದುರೆಯು ಮೇಲೆ ಬರುವುದಾದರೂ ಹೇಗೆ? ದಖ್ಖನದಲ್ಲಿ ಕೋಟೆಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದಿಟ್ಟು ಹಾರಿಸಿದ ಪ್ರಥಮ ಪ್ರಸಂಗಗಳಲ್ಲಿ ಗವಾನನ ಈ ಮುತ್ತಿಗೆಯೂ ಒಂದೆಂದು ಚರಿತ್ರಕಾರರು ಗಣಿಸುತ್ತಾರೆ. ತರುವಾಯ ಆದಿಲಶಾಹಿ, ಮೊಗಲರು, ಪೇಶವೆ, ಕೆಲಕಾಲ ಹೈದರಾಲಿ, ಪುನಃ ಪೇಶವೆ, ಹೀಗೆ ಕೈಯಿಂದ ಕೈಗೆ ದಾಟಿ, ಮನ್ರೋನ ಸೈನ್ಯವು ಮೂರು ವಾರಗಳ ಮುತ್ತಿಗೆ ಹಾಕಿದ ಮೇಲೆ 1818ರ ಏಪ್ರಿಲ್‌ನಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು.

ಇಂಗ್ಲಿಷರು ಇಲ್ಲಿ ದಂಡನ್ನು ನೆಲೆಗೊಳಿಸಿದರು. ದಂಡಿನ ಬಿಡಾರವೇ ಇಂದಿನ ಕ್ಯಾಂಪು. ಗೋವೆಯು ಪೋರ್ತುಗೀಜರದಾಗಿದ್ದುದರಿಂದ, ಈ ದಂಡಿಗೆ ಬೇಕಾದ ಸಾಮಗ್ರಿಯು ಮುಂಬಯಿಯಿಂದ ಹಡಗಿನಲ್ಲಿ ವೆಂಗುರ್ಲಾ ಬಂದರಿಗೆ ಬಂದು, ಅಲ್ಲಿಂದ ಘಟ್ಟವನ್ನೇರಿ ಇಲ್ಲಿಗೆ ತಲುಪಬೇಕಾಗಿತ್ತು. ಬಯಲುಸೀಮೆಯ ಹತ್ತಿಯು ಎತ್ತಿನ ಬೆನ್ನಿನ ಮೇಲೂ ಚಕ್ಕಡಿಗಳಲ್ಲಿಯೂ ಅದೇ ಹಾದಿಯನ್ನಿಳಿದು ಸಮುದ್ರವನ್ನು ಸೇರಬೇಕಾಗಿತ್ತು. ಮೊದಲು ಅದಕ್ಕೆ ಬಳಕೆಯಾದುದು ರಾಮಘಾಟ. ಅದರ ಕಡಿದಾದ ಇಳಿಜಾರಿನಿಂದ ಎತ್ತುಗಳೂ ಗಾಡಿವಾನರೂ ಬೇಸತ್ತ ಬಳಿಕ ಆಂಬೋಲಿಯ ಮಾರ್ಗವು ಸಿದ್ಧವಾಯಿತು. ರಾಮಘಾಟದ ಮೂಲಕ ಇಂದು ಬೆಳಗಾವಿಯ ಹತ್ತಿ ಇಳಿಯುವುದಿಲ್ಲ. ಆದರೆ ಕ್ಯಾಂಪಿನಿಂದ ಹಿಂಡಲಗಾದ ಕಡೆ ಹೋಗುವ ರಸ್ತೆಯ ಪಕ್ಕದ ಅಂಗಡಿಗಳ ಫಲಕಗಳಲ್ಲಿ ‘ರಾಮಘಾಟ ರೋಡ್’ ಎಂದು ಬರೆದಿರುವುದನ್ನು ಯಾರಾದರೂ ಓದಬಹುದು. ಆ ಫಲಕದ ಕೆಳಗೆ ತರಕಾರಿ ಕೊಳ್ಳುವವರಲ್ಲಿ ಎಷ್ಟು ಮಂದಿ ಅದು ಎಲ್ಲಿಗೆ ಹೋಗುವ ರಸ್ತೆಯೆಂದು ಯೋಚಿಸಿದ್ದಾರೋ!

ರೈಲಿನ ಕಥೆ ಬರಗಾಲದಿಂದ ಆರಂಭವಾಗುತ್ತದೆ. 1876ರಿಂದ 1878ರ ವರೆಗಿನ ಘೋರ ಕ್ಷಾಮದಲ್ಲಿ, ಒಂದು ಸೀಮೆಯಲ್ಲಿ ಧಾನ್ಯವಿದ್ದೂ ಪಕ್ಕದ ಸೀಮೆಗೆ ಒಯ್ಯಲು ಸಾಧನವಿಲ್ಲದೆ ಜನರು ಸತ್ತುದನ್ನು ಕಂಡಮೇಲೆ, ಕ್ಷಾಮಪೀಡಿತ ಜಿಲ್ಲೆಗಳನ್ನು ಬಂದರುಗಳಿಗೆ ಜೋಡಿಸುವ ರೈಲುಮಾರ್ಗಗಳ ಅವಶ್ಯಕತೆ ಸರಕಾರಕ್ಕೆ ಮನವರಿಕೆಯಾಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಆ ಚಿಂತನೆಯ ಕೂಸು. ಅದರ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು ಓಡಾಡುವ ಆ ಭವ್ಯ ಕಟ್ಟಡವೇ ಅಂದು ರೈಲಿನ ಗುಮಾಸ್ತರ ಕಚೇರಿಯಾಗಿತ್ತು. ಈ ಕಂಪನಿಯು 1880ರ ದಶಕದ ಉತ್ತರಾರ್ಧದಲ್ಲಿ ಮಿರಜ, ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಮೀಟರ್‌ ಗೇಜಿನ ಹಳಿಯಿಂದ ಹೆಣೆಯಿತು. ಅದೇ ಕಾಲಕ್ಕೆ ಪೋರ್ತುಗೀಜ ಸೀಮೆಯ ರೈಲು ಮುರಗಾಂವ ಬಂದರಿನಿಂದ ಘಟ್ಟವನ್ನು ಹತ್ತಿ ಕ್ಯಾಸಲ್‌ರಾಕಿನಲ್ಲಿ ಇದನ್ನು ಕೂಡಿಕೊಂಡಿತು. ಅಲ್ಲಿಗೆ ವೆಂಗುರ್ಲೆಯ ಭಾಗ್ಯ ಮುಗಿಯಿತು. ಹತ್ತಿಯ ಅಂಡಿಗೆಗಳು ಎತ್ತಿನ ಬೆನ್ನಿನಿಂದಿಳಿದು ಬೋಗಿಯನ್ನೇರಿದವು. 1892ರಲ್ಲಿ ಸ್ವಾಮಿ ವಿವೇಕಾನಂದರು ಕೊಲ್ಲಾಪುರದಿಂದ ಬೆಳಗಾವಿಗೆ ಬಂದು, ಕೆಲವು ದಿನ ಇಲ್ಲಿದ್ದು, ಬಳಿಕ ಗೋವೆಗೆ ತೆರಳಿದರು. ಕೋಟೆಯಲ್ಲಿ ಅವರು ತಂಗಿದ್ದ ಮನೆ ಇಂದು ರಾಮಕೃಷ್ಣ ಮಿಷನ್ನಿನ ಆಶ್ರಮದ ಆವರಣದಲ್ಲಿದೆ. ಕೊಲ್ಲಾಪುರ, ಬೆಳಗಾವಿ, ಗೋವೆ: ಇಂದಿನ ಪ್ರವಾಸಿಗಳು ಹಿಡಿಯುವ ಕ್ರಮವೂ ಇದೇ ಅಲ್ಲವೇ?

ಟಿಳಕವಾಡಿಗೂ ಒಮ್ಮೆ ತನ್ನದೇ ಆದ ನಿಲ್ದಾಣವಿತ್ತೆಂದರೆ ಇಂದಿನ ಹುಡುಗರು ನಂಬಲಿಕ್ಕಿಲ್ಲ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ, ಅವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ನೆರೆದಾಗ, ಗಂಗಾಧರರಾವ ದೇಶಪಾಂಡೆಯವರ ನೇತೃತ್ವದಲ್ಲಿ ಇಲ್ಲಿಯ ಬಯಲಿನಲ್ಲಿ ‘ವಿಜಯನಗರ’ವೆಂಬ ಬಿಡಾರದ ಊರೇ ಎದ್ದಿತು, ನೀರಿಗೆಂದು ತೋಡಿದ ಬಾವಿಗೆ ‘ಪಂಪಾ ಸರೋವರ’ವೆಂದು ಹೆಸರಾಯಿತು, ದೇಶದ ಮೂಲೆಮೂಲೆಗಳಿಂದ ಬರುವ ಪ್ರತಿನಿಧಿಗಳು ಮುಖ್ಯ ನಿಲ್ದಾಣದಿಂದ ಗಂಟುಮೂಟೆ ಹೊತ್ತು ನಡೆಯುವ ಶ್ರಮವನ್ನು ತಪ್ಪಿಸಲು ರೈಲುಹಳಿಯ ಪಕ್ಕದಲ್ಲಿಯೇ ತಾತ್ಕಾಲಿಕ ನಿಲ್ದಾಣವೊಂದನ್ನು ನಿರ್ಮಿಸಲಾಯಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆಯನ್ನು ಅಲ್ಲಿ ಹಾಡಿದ ಬಾಲೆಯರಲ್ಲಿ ಮುಂದೆ ಗಂಗೂಬಾಯಿ ಹಾನಗಲ್ಲರೆಂದು ಜಗತ್ತು ಬಲ್ಲವರೂ ಇದ್ದರು. ಆ ನಿಲ್ದಾಣ ಹೋಯಿತು, ಬಾವಿ ಉಳಿಯಿತು. ‘ಕಾಂಗ್ರೆಸ್ ಬಾವಿ’ಯ ಬಳಿಯ ವೀರಸೌಧವನ್ನು ನೋಡಬಯಸುವವರು ಕಾಂಗ್ರೆಸ್ ರಸ್ತೆಯೆಂದು ಹೇಳಿದರೆ ಸಾಕು. ರಸ್ತೆಯ ಹೆಸರೇ ಆ ಅಧಿವೇಶನದ ಸ್ಮಾರಕ. ಅದಕ್ಕೆ ಎಂಟು ವರ್ಷ ಮೊದಲು, 1916ರಲ್ಲಿ, ಹೋಮ್‌ ರೂಲ್ ಲೀಗನ್ನು ಇದೇ ಬೆಳಗಾವಿಯಲ್ಲಿ ಸ್ಥಾಪಿಸಿದ ಲೋಕಮಾನ್ಯ ಟಿಳಕರ ಹೆಸರು ಬಡಾವಣೆಗಿದೆ. ಕನ್ನಡದ ತಿಲಕವಾಡಿಯಾಗದೆ ಮರಾಠಿಯ ‘ಟಿ’ಕಾರ, ‘ಳ’ಕಾರಗಳನ್ನೇ ಉಳಿಸಿಕೊಂಡಿರುವ ಈ ಹೆಸರನ್ನು ಎರಡೂ ಭಾಷೆಯವರು ಒಂದೇ ಬಗೆಯಾಗಿ ಉಚ್ಚರಿಸುವರು.

ರೈಲಿನ ಆಡಳಿತದ ಹೆಸರುಗಳು ಪದೇ ಪದೇ ಬದಲಾದ ವೃತ್ತಾಂತ ಓದುಗರಿಗೆ ಬೇಸರ ತರಬಹುದು. 1908ರಲ್ಲಿ ಮದ್ರಾಸ್ ರೈಲ್ವೆಯೊಡನೆ ಸೇರಿ ‘ಎಂ. ಅಂಡ್ ಎಸ್.ಎಂ.’ ಆದುದು, 1951ರಲ್ಲಿ ದಕ್ಷಿಣ ರೈಲ್ವೆಯಾದುದು, ನಡುವೆ ದಕ್ಷಿಣ ಮಧ್ಯ ರೈಲ್ವೆಗೆ ಹೋದುದು, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿದುದು, ಇಷ್ಟು ಸಾಕು. ಆದರೆ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. 1971ರಲ್ಲಿ ಪುಣೆಯಿಂದ ಮಿರಜದ ವರೆಗಿನ ಹಳಿ ಬ್ರಾಡ್‌ಗೇಜಾಯಿತು; ಮಿರಜದಿಂದ ಈಚೆಗೆ ಮೀಟರ್‌ ಗೇಜೇ ಉಳಿಯಿತು. ಇದರಿಂದ ಮುಂಬಯಿಗೆ ಹೊರಟ ಬೆಳಗಾವಿಯವರೆಲ್ಲರೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಮಿರಜದ ಪ್ಲಾಟ್‌ಫಾರ್ಮಿನಲ್ಲಿಳಿದು, ಟ್ರಂಕುಗಳನ್ನು ಹಮಾಲನ ತಲೆಯ ಮೇಲೆ ಹೊರಿಸಿ, ಮಕ್ಕಳ ಕೈಹಿಡಿದು, ಸಣ್ಣ ಗಾಡಿಯಿಂದ ದೊಡ್ಡ ಗಾಡಿಗೆ ಓಡಬೇಕಾಯಿತು. ಆ ಓಟದಲ್ಲಿ ಚಪ್ಪಲಿಯೊಂದನ್ನು ಕಳೆದುಕೊಂಡ ನೆನಪು ನನಗೂ ಇದೆ. ಇಂಥ ಪಾಡು ಬೆಳಗಾವಿಯವರಿಗಷ್ಟೇ ಅಲ್ಲ. ಚೀನಾದೇಶದ ವುಹಾನ್ ನಗರವನ್ನು ಅಲ್ಲಿಯವರು ಒಂಬತ್ತು ಪ್ರಾಂತಗಳ ಕೂಡುಹಾದಿಯೆಂದು ಹೆಮ್ಮೆಯಿಂದ ಕರೆಯುವರು. ಪೀಕಿಂಗಿನ ರೈಲು ನದಿಯ ಉತ್ತರದ ದಡಕ್ಕೆ 1906ರಲ್ಲಿಯೇ ಬಂದಿತ್ತು, ಕ್ಯಾಂಟನ್ನಿನ ರೈಲು ದಕ್ಷಿಣದ ದಡಕ್ಕೆ 1936ರಲ್ಲಿ ಪೂರ್ಣವಾಯಿತು, ಆದರೆ ಯಾಂಗ್ತ್ಸೆ ಮಹಾನದಿಗೆ ಸೇತುವೆಯಾದುದು 1957ರಲ್ಲಿ. ಅದುವರೆಗೆ ಈ ದಡದಿಂದ ಆ ದಡಕ್ಕೆ ನೀರಿನ ಮೇಲೆಯೇ ದಾಟಬೇಕಾಗಿತ್ತು. ಅಲ್ಲಿ ಒಂದು ಮಹಾನದಿ ಮಾಡಿದ ಕೆಲಸವನ್ನು ಇಲ್ಲಿ ಎರಡು ಗೇಜುಗಳ ಅಗಲದಲ್ಲಿದ್ದ ಒಂದೂವರೆ ಮೊಳದ ವ್ಯತ್ಯಾಸವು ಮಾಡಿತು. 1990ರ ದಶಕದಲ್ಲಿ ಮಿರಜ–ಲೋಂಡಾ ಹಳಿಯೂ ಬ್ರಾಡ್‌ಗೇಜಾದಮೇಲೆ ಈ ಕಷ್ಟ ತೀರಿತು. ಲೋಂಡಾದಿಂದ ಬೆಳಗಾವಿಯ ಮೂಲಕ ಘಟಪ್ರಭೆಯ ವರೆಗಿನ ಜೋಡಿಹಳಿಯೂ, ಬೆಳಗಾವಿ ನಿಲ್ದಾಣದ ಹೊಸ ಕಟ್ಟಡವೂ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದವು.

ಈಗಿನ ಪ್ರಯಾಣಿಕರಿಗೆ ಬೇಕಾದ ಮಾತು. ಟಿಕೆಟು ಕಾದಿರಿಸುವಾಗ ಊರಿನ ಹೆಸರು 2014ರ ನವೆಂಬರ್ 1ರಿಂದ ಬೆಳಗಾವಿಯಾಗಿದ್ದರೂ ನಿಲ್ದಾಣದ ಸಂಕೇತಾಕ್ಷರಗಳು ಹಳೆಯ ‘ಬಿ.ಜಿ.ಎಂ.’ ಎಂಬುವೇ ಆಗಿವೆಯೆಂಬುದನ್ನು ನೆನಪಿಡಬೇಕು. ಬೆಂಗಳೂರಿಗೆ ಹೋಗುವವರಿಗೆ ರಾತ್ರಿಯ ಗಾಡಿಗಳಲ್ಲಿ ಹಳಬರ ವಿಶ್ವಾಸ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ಸಿನ ಮೇಲೆಯೇ ಇದೆ. 2019ರಲ್ಲಿ ಬೆಳಗಾವಿಯಿಂದಲೇ ಹೊರಡುವ ಸೂಪರ್‌ಫಾಸ್ಟ್ ಗಾಡಿಯು ಬಂದಮೇಲೆ, ಮಿರಜದ ಕಡೆಯಿಂದ ತುಂಬಿ ಬರುವ ಗಾಡಿಯಲ್ಲಿ ಸ್ಥಳಕ್ಕಾಗಿ ಪರದಾಡುವುದು ಕಡಮೆಯಾಯಿತು. ಹಗಲು ಪ್ರಯಾಣವನ್ನು ಬಯಸುವವರಿಗೆ ಬೆಂಗಳೂರು–ಬೆಳಗಾವಿ ವಂದೇ ಭಾರತ್ 2025ರ ಆಗಸ್ಟಿನಿಂದ ಓಡುತ್ತಿದೆ. ಹುಬ್ಬಳ್ಳಿ–ಪುಣೆ ವಂದೇ ಭಾರತ್ 2024ರ ಸೆಪ್ಟೆಂಬರಿನಿಂದ ಬೆಳಗಾವಿಯನ್ನು ಹಾದುಹೋಗುತ್ತಿದೆಯಾದರೂ, ಅದು ವಾರದ ಎಲ್ಲ ದಿನಗಳಲ್ಲಿ ಇಲ್ಲದಿರುವುದರಿಂದ ದಿನವನ್ನು ನೋಡಿಕೊಂಡು ಹೊರಡತಕ್ಕದ್ದು. ದಿಲ್ಲಿಗೆ ಹೋಗುವವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ. ಮುಂಗಡ ಕಾದಿರಿಸುವ ಅವಧಿಯು 2024ರ ನವೆಂಬರಿನಿಂದ 120 ದಿನಗಳಿಂದ 60 ದಿನಗಳಿಗೆ ಇಳಿದಿದೆ. ಗಣೇಶ ಚೌತಿಗೆ ಊರಿಗೆ ಬರುವವರು ಈ ಲೆಕ್ಕವನ್ನು ಮರೆತರೆ ತತ್ಕಾಲದ ಮೊರೆಹೊಗಬೇಕಾಗುತ್ತದೆ. ಬೆಳಗಾವಿಯಿಂದ ಧಾರವಾಡಕ್ಕೆ ಇಂದು ಲೋಂಡಾವನ್ನು ಸುತ್ತಿಕೊಂಡೇ ಹೋಗುವ ರೈಲು ಕಿತ್ತೂರಿನ ಮೇಲಿಂದ ನೇರವಾಗಿ ಹೋಗುವ ಹೊಸ ಮಾರ್ಗಕ್ಕೆ, ಇದೇ ಬೆಳಗಾವಿಯ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಮಂತ್ರಿಗಳಾಗಿದ್ದ ಕಾಲದಲ್ಲಿ ಮಂಜೂರಾತಿ ದೊರೆಯಿತು. ಅದಾಗುವವರೆಗೆ ಧಾರವಾಡ, ಹುಬ್ಬಳ್ಳಿಗಳಿಗೆ ಬಸ್ಸೇ ಲೇಸು.

ಗೋವೆಯ ವಿಷಯದಲ್ಲಿ ಮಾತ್ರ ರೈಲಿಗೆ ಸಾಟಿಯಿಲ್ಲ, ಅದೂ ಮಳೆಗಾಲದಲ್ಲಿ. ಲೋಂಡಾದಲ್ಲಿ ಹುಬ್ಬಳ್ಳಿಯ ಹಾದಿಯಿಂದ ಅಗಲಿ ತಿನೈಘಾಟ, ಕ್ಯಾಸಲ್‌ರಾಕ್‌ಗಳನ್ನು ದಾಟಿದ ಗಾಡಿಯು ಬ್ರಗಾಂಜಾ ಘಾಟನ್ನು ಪ್ರವೇಶಿಸುತ್ತದೆ. 37 ಅಡಿ ಮುಂದೆ ಹೋದರೆ ಒಂದಡಿ ಇಳಿಯುವಷ್ಟು ಕಡಿದಾದ ಈ ಹಾದಿಯಲ್ಲಿ ಮೇಲೇರುವ ಗಾಡಿಗಳನ್ನು ಹಿಂದಿನಿಂದ ಹೆಚ್ಚುವರಿ ಎಂಜಿನುಗಳು ದಬ್ಬುತ್ತವೆ. ಬೋಗದೆಗಳ ಕತ್ತಲೆಯಿಂದ ಬೆಳಕಿಗೆ ಬರುತ್ತಲೇ ದೂಧಸಾಗರವು ಹಳಿಯ ಪಕ್ಕದಲ್ಲಿಯೇ ಧುಮ್ಮಿಕ್ಕುವುದನ್ನು ಕಿಟಕಿಯ ಸರಳಿಗೆ ಮುಖವಿಟ್ಟು ನೋಡಿದವರು, ಆ ತುಂತುರು ಮುಖಕ್ಕೆ ಬಡಿದುದನ್ನು ಎಷ್ಟು ವರ್ಷವಾದರೂ ಮರೆಯುವುದಿಲ್ಲ. ಆದರೆ ಅಲ್ಲಿ ಇಳಿಯುವುದೂ ಹಳಿಯಗುಂಟ ನಡೆಯುವುದೂ ನಿಷಿದ್ಧ. ದಂಡ ತೆತ್ತವರು ಅನೇಕರಿದ್ದಾರೆ.

ರಸ್ತೆಯಿಂದ ಕೊಂಕಣಕ್ಕಿಳಿಯುವವನು ಮೂರು ಘಾಟುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಟಿಳಕವಾಡಿಯಿಂದ ಮೂರನೆಯ ಗೇಟು, ಉದ್ಯಮಬಾಗಗಳನ್ನು ದಾಟಿ ಪೀರನವಾಡಿಗೆ ಬಂದರೆ ಹಾದಿ ಎರಡಾಗುತ್ತದೆ. ನೇರವಾಗಿ ಹೋದರೆ ಖಾನಾಪುರ, ರಾಮನಗರ, ಅನಮೋಡ, ಮೊಲ್ಲೆಮ್‌ಗಳ ಮೂಲಕ ಪೋಂಡಾ, ಪಣಜಿ. ಇದು ಹಿಂದೆ 4ಎ ಎಂದು ಹೆಸರಾಗಿದ್ದ, ಈಗ 748ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಭಾರವಾದ ವಾಹನಗಳ ಹಾದಿ, ಸುತ್ತು ಹೆಚ್ಚು. ಬಲಕ್ಕೆ ಹೊರಳಿದರೆ ಜಾಂಬೋಟಿ, ಕಣಕುಂಬಿ, ಚೋರ್ಲಾ. ಅಲ್ಲಿಂದಿಳಿದರೆ ಗೋವೆಯ ಸಾಂಖಳಿ. ಮೂರನೆಯದು ಪಟ್ಟಣದ ಇನ್ನೊಂದು ಮಗ್ಗುಲಿನಿಂದ, ಹಿಂಡಲಗಾ, ಶಿನೋಳಿ, ಚಂದಗಡ ಸೀಮೆಗಳನ್ನು ದಾಟಿ ಆಂಬೋಲಿಯಲ್ಲಿಳಿದು ಸಾವಂತವಾಡಿಗೂ ವೆಂಗುರ್ಲೆಗೂ ಹೋಗುವ ಹಳೆಯ ದಂಡಿನ ದಾರಿ. ಪಣಜಿಗೆ ಹತ್ತಿರದ ಹಾದಿ ಚೋರ್ಲಾದ್ದೇ. ಚಳಿಗಾಲದಲ್ಲಿಯೂ ಬೇಸಗೆಯಲ್ಲಿಯೂ ನಾನು ಅದನ್ನೇ ಹಿಡಿಯುವೆನು. ಕಣಕುಂಬಿಯಲ್ಲಿ ಐದು ನಿಮಿಷ ವಾಹನ ನಿಲ್ಲಿಸಿ ಮಾವುಲಿ ದೇವಸ್ಥಾನದ ಬಳಿಯ ಮಲಪ್ರಭೆಯ ಉಗಮವನ್ನು ನೋಡಬೇಕು. ಇಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಾಭಿಮುಖಿಯಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಇದೇ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿದ ಮಹಾದಾಯಿ ಪಶ್ಚಿಮಕ್ಕೆ ತಿರುಗಿ ಮಾಂಡವಿಯಾಗಿ ಪಣಜಿಯ ಮುಂದೆ ಸಮುದ್ರಕ್ಕೆ ಬೀಳುವುದು. ಜೂನಿನಿಂದ ಸೆಪ್ಟೆಂಬರದ ವರೆಗೆ ಮೂರೂ ಘಾಟುಗಳಲ್ಲಿ ಮಂಜು ಕವಿಯುತ್ತದೆ, ದರೆ ಕುಸಿಯುತ್ತದೆ, ಕೆಲವು ದಿನ ದೊಡ್ಡ ವಾಹನಗಳಿಗೆ ತಡೆಯಾಗುತ್ತದೆ. ಹೊರಡುವ ಮುನ್ನ ಬಸ್‌ ನಿಲ್ದಾಣದಲ್ಲಿ ಗೋವೆಯ ಬಸ್ಸಿನ ಚಾಲಕನನ್ನೊಮ್ಮೆ ಕೇಳಿದರೆ, ಯಾವ ಹಾದಿ ತೆರೆದಿದೆಯೆಂಬುದನ್ನು ಆತ ಮೊಬೈಲಿನ ನಕಾಶೆಗಿಂತ ಖಚಿತವಾಗಿ ಹೇಳಿಯಾನು.

ಆ ಬಸ್‌ ನಿಲ್ದಾಣದಲ್ಲಿ ಮೂರು ರಾಜ್ಯಗಳ ಬಸ್ಸುಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. 1997ರಲ್ಲಿ ಬೇರ್ಪಟ್ಟ ವಾಯವ್ಯ ಕರ್ನಾಟಕ ಸಾರಿಗೆಯವು, ಮಹಾರಾಷ್ಟ್ರದ ಕೆಂಪು ಬಸ್ಸುಗಳು, ಗೋವೆಯ ‘ಕದಂಬ’. ಗೋವೆಯವರು ತಮ್ಮ ಸಾರಿಗೆ ನಿಗಮಕ್ಕೆ ಕದಂಬರ ಹೆಸರಿಟ್ಟರು. ಆ ಕದಂಬರು ಪಲಾಶಿಕೆಯೆಂದು ಕರೆದು ಆಳಿದ ಹಲಸಿಯು ಇಲ್ಲಿಯ ಖಾನಾಪುರ ತಾಲೂಕಿನಲ್ಲಿದೆ, ಅದರ ಭೂವರಾಹ ನರಸಿಂಹ ದೇವಾಲಯವು ಖಾನಾಪುರದಿಂದ ದೂರವೇನಿಲ್ಲ. ಹಲಸಿಯ ರಾಜರ ಹೆಸರನ್ನು ಹೊತ್ತ ಬಸ್ಸು ಹಲಸಿಯ ಸೀಮೆಯಲ್ಲಿಯೇ ದಿನವೂ ಹಾದುಹೋಗುತ್ತಿದ್ದರೂ ಒಳಗೆ ಕುಳಿತವರಿಗೆ ಅದರ ಅರಿವಿಲ್ಲ. ಊರೊಳಗೆ ಓಡಾಡುವ ಬಸ್ಸುಗಳು ಹೊರಡುವುದು ಸಿ.ಬಿ.ಟಿ. ಎಂಬ ನಗರ ಬಸ್‌ ನಿಲ್ದಾಣದಿಂದ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲ. ಆದರೆ ಗುರುತಿನ ಚೀಟಿ ಕೈಯಲ್ಲಿರಬೇಕು, ಐಷಾರಾಮಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಕೊಲ್ಲಾಪುರಕ್ಕೆ ಸುಮಾರು 110, ಪುಣೆಗೆ 340, ಬೆಂಗಳೂರಿಗೆ 500 ಕಿಲೋಮೀಟರು. ಗಡಿಯ ಮಾತು ಬಿಸಿಯಾದ ದಿನಗಳಲ್ಲಿ ಅಂತರರಾಜ್ಯ ಬಸ್ಸುಗಳು ಗಡಿಯಲ್ಲಿಯೇ ನಿಂತುಬಿಡುವುದುಂಟು. ಅಂಥ ದಿನ ಕೊಲ್ಲಾಪುರದ ಕಡೆ ಹೋಗಲೇಬೇಕಾದವರು ರೈಲನ್ನು ನಂಬುವುದು ಒಳಿತು.

ವಿಮಾನದವರು ಬಾಗಲಕೋಟೆಯ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರು ದೂರದ ಸಾಂಬ್ರಾಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಇಂಗ್ಲಿಷರ ವಾಯುಪಡೆ ಇದನ್ನು ಕಟ್ಟಿತು. ಇಂದಿಗೂ ಭಾರತೀಯ ವಾಯುಪಡೆಯ ತರಬೇತಿ ಶಾಲೆ ಅಲ್ಲಿದೆ. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಗೆ ಸೈನ್ಯವು ನೆರೆದುದು ಬೆಳಗಾವಿಯಲ್ಲಿಯೇ. ರೈಲುಗಳು ದಂಡನ್ನು ಹೊತ್ತು ತಂದವು, 18ರಂದು ಸಾಂಬ್ರಾದಿಂದ ಹಾರಿದ ಹಂಟರ್ ವಿಮಾನಗಳು ಬಾಂಬೋಳಿಯ ನಿಸ್ತಂತು ಕೇಂದ್ರವನ್ನು ಕೆಡವಿದವು, ಪದಾತಿಯು ಅನಮೋಡದ ಕಡೆಯಿಂದಿಳಿಯಿತು. ಗವಾನನ ಬಳಿಕ ಸುಮಾರು ಐದು ಶತಮಾನಗಳಾದಮೇಲೆ ಬೆಳಗಾವಿ ಮತ್ತೆ ಗೋವೆಯ ಬಾಗಿಲ ಕೀಲಿಯಾಯಿತು. 2017ರಲ್ಲಿ ಹೊಸ ಟರ್ಮಿನಲ್ ಆಗಿ, 2019ರಿಂದ ಉಡಾನ್ ಯೋಜನೆಯ ಮೂಲಕ ವಿಮಾನಗಳು ಹೆಚ್ಚಿದವು. ಟಿಕೆಟಿನಲ್ಲಿ ಕಾಣುವ ‘ಐ.ಎಕ್ಸ್.ಜಿ.’ ಎಂಬುದೇ ಬೆಳಗಾವಿ. ವಿಮಾನಗಳ ವೇಳಾಪಟ್ಟಿಯು ಋತುವಿನೊಡನೆ ಬದಲಾಗುವುದರಿಂದ ಹಿಂದಿನ ಪ್ರಯಾಣದ ನೆನಪನ್ನು ನಂಬಬಾರದು.

ಖಾನಾಪುರದ ಮಾತನ್ನು ಕೊನೆಗೆ ಉಳಿಸಿಕೊಂಡೆನು. ಟಿಳಕವಾಡಿಯವರಿಗೆ ಅದು ಪರಸ್ಥಳವೆನಿಸುವುದಿಲ್ಲ. ರಸ್ತೆಯಿಂದ ಸುಮಾರು 26 ಕಿಲೋಮೀಟರು. ರೈಲಿನಲ್ಲಾದರೆ ದೇಸೂರು, ಇದಲಹೊಂಡ ದಾಟಿದ ಕೂಡಲೇ. ಹೆಂಚು ಮತ್ತು ಇಟ್ಟಂಗಿಗಳಿಗೆ ಹೆಸರಾದ ಊರು. ಬೆಳಗಾವಿಯ ಎಷ್ಟೋ ಹಳೆಯ ಮನೆಗಳ ಮಾಡನ್ನು ಅದರ ಕೆಂಪು ಮಣ್ಣೇ ಹೊದಿಸಿದೆ. ಹಗಲಿನ ಪ್ಯಾಸೆಂಜರ್ ಗಾಡಿಯಲ್ಲಿ ಗುಂಜಿ, ಲೋಂಡಾಗಳ ಕಡೆಯಿಂದ ಬರುವ ಹೆಂಗಸರು ಬುಟ್ಟಿಗಳಲ್ಲಿ ಮಳೆಗಾಲವಾದರೆ ಕಾಡಿನ ಅಣಬೆ, ಬೇಸಗೆಯಾದರೆ ಹಲಸು, ಕೌಳಿಹಣ್ಣು ತಂದು, ಬೋಗಿಯಲ್ಲಿಯೇ ಅರ್ಧ ಮಾರಿ ಮುಗಿಸುವರು. ಅವರೊಡನೆ ಚೌಕಾಸಿಗಿಳಿದವರು ಗೆದ್ದುದನ್ನು ನಾನು ಕಂಡಿಲ್ಲ.

ಕೆಲವು ದಿನಗಳನ್ನು ಲೆಕ್ಕದಲ್ಲಿಟ್ಟುಕೊಳ್ಳತಕ್ಕದ್ದು. ನವೆಂಬರ್ 1ರ ರಾಜ್ಯೋತ್ಸವದಂದು ಚನ್ನಮ್ಮ ಸರ್ಕಲಿನ ಸುತ್ತಲಿನ ರಸ್ತೆಗಳಲ್ಲಿ ಕಾಲಿಡಲೂ ತೆರಪಿರುವುದಿಲ್ಲ. ಡಿಸೆಂಬರಿನಲ್ಲಿ, 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ವಸತಿಗೃಹಗಳು ಮುಂಚಿತವಾಗಿಯೇ ತುಂಬಿರುತ್ತವೆ. ಗಣೇಶ ವಿಸರ್ಜನೆಯ ರಾತ್ರಿ ಕಪಿಲೇಶ್ವರದ ಹೊಂಡದ ಕಡೆಗೆ ರಿಕ್ಷಾ ಹೋಗುವುದೇ ಇಲ್ಲ. ಇಲ್ಲಿಯ ಸಿಹಿಯಾದ ಕುಂದಾ ಕೊಳ್ಳುವವರು ಗಾಡಿಯ ಹೊತ್ತಿಗೆ ಸ್ಟೇಷನ್ನಿನ ಎದುರು ಓಡದೆ, ಹಿಂದಿನ ಸಂಜೆಯೇ ಪೇಟೆಯಲ್ಲಿ ಕೊಂಡಿಟ್ಟುಕೊಳ್ಳಬೇಕು.

ಇನ್ನೊಂದೇ ಮಾತು, ಇದು ಟಿಳಕವಾಡಿಯವರಿಗೆ ಮತ್ತು ಅವರ ಅತಿಥಿಗಳಿಗೆ. ಪುಣೆ, ಮಿರಜಗಳ ಕಡೆಗೆ ಹೋಗುವ ಗಾಡಿಯು ಖಾನಾಪುರದ ಕಡೆಯಿಂದ ಬಂದು, ಮೂರು ಗೇಟುಗಳನ್ನೂ ದಾಟಿಯೇ ನಿಲ್ದಾಣವನ್ನು ಸೇರುತ್ತದೆ. ತಾನು ಹಿಡಿಯಬೇಕಾದ ಗಾಡಿಗಾಗಿಯೇ ಮುಚ್ಚಿದ ಗೇಟಿನ ಮುಂದೆ ರಿಕ್ಷಾದಲ್ಲಿ ಕುಳಿತು, ಆ ಗಾಡಿಯು ಎದುರಿನಿಂದಲೇ ಹಾದುಹೋಗುವುದನ್ನು ನೋಡಿದವರು ಈ ಬಡಾವಣೆಯಲ್ಲಿ ಕಡಮೆಯಿಲ್ಲ. ಹೊತ್ತು ಮೀರಿದ್ದರೆ ಗೇಟಿನ ಹಾದಿಯನ್ನು ಬಿಟ್ಟು, ಖಾನಾಪುರ ರಸ್ತೆಯಿಂದ ಗೋಗಟೆ ಸರ್ಕಲಿನ ಮೇಲ್ಸೇತುವೆಯನ್ನು ಹತ್ತಿ ಬನ್ನಿರಿ.